ದನದಂಗಳದ ಬಾಳೆಗಿಡ

ಅಮ್ಮ ಲಂಡನ್‌ಗೆ ಬಂದಾಗ ಸೆಪ್ಟೆಂಬರ್. ಅವಳಿಗಿದ್ದಿದ್ದು ಒಂದೇ ಆಸೆ, ಇಂಗ್ಲಿಷರ ಗುಲಾಬಿ ತೋಟ ನೋಡಬೇಕು. ನಾನು ಸರಿಯಾಗಿ ವಿಚಾರಿಸದೆ ಈಸ್ಟ್ ಸಸೆಕ್ಸ್‌ನ ಗ್ರೇಟ್ ಡಿಕ್ಸ್ಟರ್ ಅನ್ನೋ ಹಳೇ ಮನೆಯ ತೋಟಕ್ಕೆ ಕರೆದುಕೊಂಡು ಹೋದೆ. ಕಾರಿನಲ್ಲಿ ದಾರಿಯುದ್ದಕ್ಕೂ ಫೋನಲ್ಲಿ ಅಪ್ಪನ ಜೊತೆ ಅವಳ ಜಗಳ. ಹಿತ್ತಲಿನ ಬಾಳೆ ಕಡಿಸಿ ಸಿಮೆಂಟ್ ಹಾಕಿಸ್ತೀನಿ ಅಂತ ಅಪ್ಪನ ಹಟ.

15ನೇ ಶತಮಾನದ ಮನೆ. ಲಾಯ್ಡ್ ಕುಟುಂಬ 1910ರಲ್ಲಿ ಕೊಂಡು ಎಡ್ವಿನ್ ಲುಟ್ಯೆನ್ಸ್ ಕೈಲಿ ರಿಪೇರಿ ಮಾಡಿಸಿತು. ಹೊಸ ದೆಹಲಿ ಕಟ್ಟಿದನಲ್ಲ, ಅವನೇ. ಮುಂಬಾಗಿಲಿನ ಚಾವಡಿ ಒಂದು ಕಡೆ ವಾಲಿಕೊಂಡಿದೆ. ಅಮ್ಮನಿಗೆ ಅದೆಲ್ಲ ಬೇಡ. "ಗುಲಾಬಿ ಎಲ್ಲೇ?"

ಯೂ ಅನ್ನೋ ಮರದ ಎತ್ತರದ ಹಸಿರು ಬೇಲಿ ದಾಟಿ ಒಳಗೆ ಹೋದರೆ ಬಾಳೆಗಿಡ! ಪಕ್ಕದಲ್ಲಿ ಕಾಬಾಳೆ, ಡೇಲಿಯಾ, ಮೊಣಕಾಲೆತ್ತರದ ಕೆಸು. ಅಮ್ಮ ಸುಮ್ನೆ ನಿಂತಳು. "ಇಷ್ಟು ದೂರ ಬಂದು ಪಾತ್ರೆ ತೊಳೆಯೋ ಜಾಗ ನೋಡೋದಾ?"

ಗುಲಾಬಿ ಇದ್ದಿದ್ದು ಅಲ್ಲೇ. ಹಿಂದೆ ದನ ಕಟ್ಟುತ್ತಿದ್ದ ಅಂಗಳವನ್ನು ಲುಟ್ಯೆನ್ಸ್ ಗುಲಾಬಿ ತೋಟ ಮಾಡಿದ್ದ. ಆ ಮನೆಯ ಮಗ ಕ್ರಿಸ್ಟೋಫರ್ ಲಾಯ್ಡ್‌ಗೆ ರೋಗ ಹಿಡಿದ ಆ ಗಿಡಗಳು ಸಾಕಾಗಿದ್ದವು. ತೋಟದ ಮುಖ್ಯಸ್ಥ ಫರ್ಗಸ್ ಗ್ಯಾರೆಟ್ ಜೊತೆ ಸೇರಿ 1993ರಲ್ಲಿ ಎಲ್ಲ ಕಿತ್ತುಹಾಕಿ ಈ ಬಾಳೆ, ಕಾಬಾಳೆ ನೆಟ್ಟ. ಆಗ ಲಾಯ್ಡ್‌ಗೆ 70 ದಾಟಿತ್ತು. ಗುಲಾಬಿ ಪ್ರಿಯರಿಗೆ ಸಿಟ್ಟು ಬಂತಂತೆ. ನನಗಂತೂ ಆ ಮುದುಕನ ಧೈರ್ಯ ಇಷ್ಟವಾಯ್ತು.

ಕಳೆ ಕೀಳುತ್ತಿದ್ದ ಹುಡುಗಿಯೊಬ್ಬಳನ್ನು ತೋರಿಸಿ ಅಮ್ಮ, "ಗೊನೆ ಬಿಡುತ್ತಾ ಕೇಳು" ಅಂದಳು. ಇದು ಚಳಿ ತಡೆಯೋ ಜಾತಿ, ಕಾಯಿ ಬಿಟ್ಟರೂ ತಿನ್ನೋಕಾಗಲ್ಲ ಅಂದಳು ಅವಳು. ಚಳಿಗಾಲದಲ್ಲಿ ದಿಂಡಿನ ಸುತ್ತ ಒಣಗಿದ ಜರಿಗಿಡ ತುಂಬಿ ಕಟ್ಟುತ್ತಾರಂತೆ. ಅಮ್ಮನಿಗೆ ನಗು. "ಬಾಳೆಗೆ ಸ್ವೆಟರಾ!"

ಆಮೇಲೆ ಅವಳು ಕೆಸುವಿನ ಹತ್ತಿರ ಬಗ್ಗಿದಳು. ಬೆಳಗಿನ ಮಳೆಹನಿ ಎಲೆಯ ಕುಣಿಯಲ್ಲಿ ಇನ್ನೂ ಇತ್ತು. ಬೆರಳಿಂದ ಎಲೆ ಮೆಲ್ಲಗೆ ತಟ್ಟಿದಳು. ಹನಿ ಒಡೆಯದೆ ಆಚೀಚೆ ಉರುಳಿತು. ಹಾಗೆ ಎಷ್ಟೋ ಹೊತ್ತು ಆಡಿದಳು. ಪತ್ರೊಡೆಗೆ ಎಲೆ ಎಳೆಯದೇ ಆಗಬೇಕು, ಇದು ಬಲಿತಿದೆ ಅಂತ ತೀರ್ಪನ್ನೂ ಕೊಟ್ಟಳು.

ಹೊರಗಿನ ನರ್ಸರಿಯಲ್ಲಿ ಗಿಡದ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಬೆಚ್ಚಿದಳು. ಕಾರು ಹತ್ತಿದ್ದೇ ಅಪ್ಪನಿಗೆ ಫೋನ್.

"ಕಡಿಸಿಬಿಟ್ರಾ? ಇಲ್ಲ ತಾನೇ? ತಡೀರಿ, ಫೋಟೋ ಕಳಿಸ್ತೀನಿ."