ಕಮಲಾಪುರದಿಂದ ವಿಠ್ಠಲನವರೆಗೆ, ಓಡುತ್ತಾ

ಹಂಪಿಗೆ ಹೋಗಿದ್ದು ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಆಟೋದಲ್ಲೇ ಸುತ್ತಿದ್ದೆ. ಇಳಿಯೋದು, ನೋಡೋದು, ಫೋಟೋ ತೆಗೆಯೋದು, ಮತ್ತೆ ಹತ್ತೋದು. ಹಾಗಾಗಿ ಹಂಪಿ ನನ್ನ ತಲೆಯಲ್ಲಿ ಬಿಡಿ ಬಿಡಿ ಚಿತ್ರಗಳಾಗಿಯೇ ಉಳಿದಿತ್ತು. ಕಲ್ಲಿನ ರಥ ಎಲ್ಲೋ, ಕಮಲ ಮಹಲ್ ಇನ್ನೆಲ್ಲೋ. ಇಲ್ಲಿಂದ ಅಲ್ಲಿಗೆ ಹೇಗೆ ಹೋಗೋದು ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈ ಜನವರಿಯಲ್ಲಿ ನಾದಿನಿ ಜೊತೆ ಹೊರಟಾಗ ಬ್ಯಾಗಿನಲ್ಲಿ ಓಟದ ಶೂ ಇಟ್ಟುಕೊಂಡೆ.

ಮೊದಲ ದಿನ ತಪ್ಪು ಮಾಡಿದೆ. ಜನವರಿ ಅಲ್ವಾ, ಚಳಿ ಇರುತ್ತೆ ಅಂದುಕೊಂಡು ಎಂಟೂವರೆಗೆ ಓಟ ಶುರು ಮಾಡಿದೆ. ಬಂಡೆಗಳ ನಡುವೆ ಬಿಸಿಲು ಬೇರೆ ತರ. ಮೇಲಿನಿಂದಲೂ ಸುಡುತ್ತದೆ, ಪಕ್ಕದ ಕಲ್ಲಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ತಂದಿದ್ದ ಅರ್ಧ ಲೀಟರ್ ನೀರು ಬೇಗ ಮುಗಿಯಿತು. ಐದನೇ ಕಿಲೋಮೀಟರಿಗೆ ಮೀನಖಂಡ ಹಿಡಿದುಕೊಂಡಿತು. ಎಳನೀರು ಮಾರುವವರ ಪಕ್ಕ ಅರ್ಧ ಗಂಟೆ ಕೂತು, ಎರಡು ಎಳನೀರು ಕುಡಿದು, ಆಟೋ ಹಿಡಿದು ವಾಪಸ್ ಬಂದೆ.

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೇ ಕಮಲಾಪುರದಿಂದ ಹೊರಟೆ. ಪೂರ್ತಿ ಕತ್ತಲಲ್ಲಿ ಹೊರಡಲಿಲ್ಲ. ಒಬ್ಬಳೇ ಓಡುವಾಗ ದಾರಿ ಕಾಣಬೇಕು, ದಾರಿಯಲ್ಲಿ ಒಂದಿಬ್ಬರಾದರೂ ಜನ ಇರಬೇಕು. ಇಯರ್‌ಫೋನ್ ಕೋಣೆಯಲ್ಲೇ ಬಿಟ್ಟೆ.

ರಾಣಿಯ ಸ್ನಾನಗೃಹ ದಾಟಿದರೆ ಮಹಾನವಮಿ ದಿಬ್ಬ, ಹಜಾರ ರಾಮನ ಗುಡಿ. ಇದು ಅರಮನೆಯ ಕಡೆ. ನೆಲ ಬಯಲಾಗಿ, ಅಗಲವಾಗಿ ಹರಡಿಕೊಂಡಿದೆ. ಮುಂದೆ ಅಕ್ಕ ತಂಗಿ ಗುಡ್ಡ ಹಾದು ಹೋದ ಹಾಗೆ ಗಾಳಿಯೇ ಬದಲಾಯಿತು. ತಣ್ಣಗೆ, ಹಸಿ ಮಣ್ಣಿನ ವಾಸನೆ. ನೋಡಿದರೆ ಬಾಳೆತೋಟ. ವಿಜಯನಗರದ ಕಾಲದಲ್ಲಿ ತೋಡಿದ ತುರ್ತು ಕಾಲುವೆ ಇವತ್ತಿಗೂ ಇಲ್ಲಿನ ಗದ್ದೆ ತೋಟಗಳಿಗೆ ನೀರು ಕೊಡುತ್ತಿದೆ. ಆಟೋದಲ್ಲಿ ಹೋದಾಗ ಈ ಹಸಿರನ್ನು ನಾನು ದಾರಿ ಅಂತಷ್ಟೇ ನೋಡಿದ್ದೆ. ಇದು ಆ ಊರಿನ ಅನ್ನದ ಜಾಗ. ಅರಮನೆಗೂ ನದಿ ಕಡೆಯ ದೇವಸ್ಥಾನಗಳಿಗೂ ನಡುವೆ ಇಷ್ಟು ಹಸಿರು ಯಾಕೆ ಇದೆ ಅನ್ನೋದು ಮೈಗೆ ತಂಪು ತಾಗಿದ ಮೇಲೆ ಅರ್ಥವಾಯಿತು.

1528ರಲ್ಲಿ ಕೆತ್ತಿಸಿದ ನರಸಿಂಹನ ಮುಂದೆ ಓಟ ನಿಲ್ಲಿಸಿ ನಡೆದೆ. 6.7 ಮೀಟರ್ ಎತ್ತರದ ಒಂದೇ ಕಲ್ಲು. ಪಕ್ಕದಲ್ಲಿ ನೀರಿನೊಳಗೆ ನಿಂತ ಬಡವಿಲಿಂಗ. ಗುಡಿಗಳ ಮುಂದೆ ನಾನು ಓಡುವುದಿಲ್ಲ. ಮಂಟಪಗಳ ಮೇಲೆ ಹತ್ತುವುದೂ ಇಲ್ಲ. ಇಂಥ ಜಾಗದಲ್ಲಿ ಓಡುವ ಎಲ್ಲರೂ ಇಷ್ಟು ಪಾಲಿಸಬೇಕು ಅಂತ ನನ್ನ ಆಸೆ.

ಕೃಷ್ಣ ದೇವಸ್ಥಾನ ದಾಟಿ ಹೇಮಕೂಟದ ಪಕ್ಕದ ಇಳಿಜಾರು ಇಳಿದರೆ ಎದುರಿಗೆ ವಿರೂಪಾಕ್ಷನ ಗೋಪುರ. ಅದರ ಮುಂದಿನ ಬೀದಿ ನೆಟ್ಟಗೆ ಪೂರ್ವಕ್ಕೆ, ಎದುರು ಬಸವಣ್ಣ ಅನ್ನೋ ದೊಡ್ಡ ಕಲ್ಲಿನ ನಂದಿಯವರೆಗೆ. ಎರಡೂ ಬದಿಗೆ ಕಲ್ಲಿನ ಮಂಟಪಗಳ ಸಾಲು. ಓಡುವವರಿಗೆ ಇದಕ್ಕಿಂತ ಒಳ್ಳೆಯ ಬೀದಿ ನಾನು ನೋಡಿಲ್ಲ. ಸೂರ್ಯ ಮತಂಗ ಬೆಟ್ಟದ ಹಿಂದಿದ್ದ. ಬೀದಿ ಪೂರ್ತಿ ನೆರಳು, ಹಿಂದೆ ತಿರುಗಿದರೆ ಗೋಪುರದ ತುದಿಗೆ ಮಾತ್ರ ಬಿಸಿಲು.

ಅಲ್ಲಿಂದ ತುಂಗಭದ್ರೆಯ ದಂಡೆ ಹಿಡಿದೆ. ಕೋದಂಡರಾಮನ ಗುಡಿಯ ಹತ್ತಿರ ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಎದುರಾದರು.

"ಯವ್ವಾ, ಯಾಕ ಇಷ್ಟ್ ಓಡಾಕತ್ತೀ? ಬಸ್ ತಪ್ಪೈತೇನು?"

"ಇಲ್ಲಜ್ಜಿ, ಸುಮ್ನೆ ಊರು ನೋಡೋಕೆ."

"ನೋಡಾಕಂದ್ರ ಮೆಲ್ಲಕ ಹೋಗು. ಮುಂದ ಕಲ್ಲು ಜಾರ್ತಾವ."

ಅಜ್ಜಿ ಹೇಳಿದ್ದು ನಿಜ. ಅಲ್ಲಿನ ಹಾಸುಗಲ್ಲು ಸಾವಿರಾರು ಕಾಲು ತುಳಿದು ತುಳಿದು ನುಣ್ಣಗಾಗಿದೆ. ಮೇಲೆ ಇಬ್ಬನಿ ಬೇರೆ. ಮೆಲ್ಲಗೆ ನಡೆದೆ. ಒಂದು ಕಡೆ ಬಂಡೆಗೆ ಕೈ ಊರಿ ಮೀನಖಂಡ ಎಳೆಯುತ್ತಿದ್ದಾಗ ಬೆರಳು ಒಂದು ಕುಳಿಯೊಳಗೆ ಹೋಯಿತು. ನೋಡಿದರೆ ಸಾಲಾಗಿ ಅಂಥವೇ ಕುಳಿಗಳು, ಒಂದರ ಪಕ್ಕ ಒಂದು, ಹೊಲಿಗೆ ಹಾಕಿದ ಹಾಗೆ. ಬೆಣೆ ಹೊಡೆದು ಬಂಡೆ ಸೀಳಲು ತೋಡಿದ್ದು. ಈ ಬಂಡೆಯನ್ನು ಯಾಕೋ ಸೀಳದೆ ಹಾಗೇ ಬಿಟ್ಟಿದ್ದಾರೆ. ಕುಳಿಯ ಅಂಚು ಇನ್ನೂ ಚೂಪಾಗಿತ್ತು. ನಾಳೆ ಬಂದು ಮುಂದುವರಿಸೋಣ ಅಂತ ಯಾರೋ ಉಳಿ ಸುತ್ತಿಗೆ ಎತ್ತಿಕೊಂಡು ಮನೆಗೆ ಹೋದ ಹಾಗಿತ್ತು. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಸುಗ್ರೀವನ ಗುಹೆ ದಾಟಿದ ಮೇಲೆ ಪುರಂದರ ಮಂಟಪದ ಹತ್ತಿರ ನದಿಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ನಿಂತಿವೆ. ಆಚೆ ದಡಕ್ಕೆ ಆನೆಗೊಂದಿ ಕಡೆ ಹಿಂದೆ ದಾಟುತ್ತಿದ್ದ ದಾರಿ ಅದು. ವಿಠ್ಠಲನ ಗುಡಿ ತಲುಪಿದಾಗ ಟಿಕೆಟ್ ಕೊಡುವವರು ಇನ್ನೂ ಬಂದಿರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಒಂದು ಬಾಳೆಹಣ್ಣು ತಿಂದು, ತಳವಾರಘಟ್ಟದ ಹಳೆಯ ಹೆಬ್ಬಾಗಿಲಿನ ದಾರಿಯಲ್ಲಿ ಕಮಲಾಪುರಕ್ಕೆ ಹಿಂತಿರುಗಿದೆ. ಈ ಕಡೆಯದು ಸಾಧಾರಣ ರಸ್ತೆ. ಬೈಕು, ಟ್ರ್ಯಾಕ್ಟರು ಜಾಸ್ತಿ. ಬಲಕ್ಕೆ, ಅಂದರೆ ಬರುವ ಗಾಡಿಗೆ ಎದುರಾಗಿ ಓಡುವುದು ಒಳ್ಳೆಯದು. ಒಟ್ಟು ಸುಮಾರು 12 ಕಿಲೋಮೀಟರ್ ಆಯಿತು. ಮೂರನೇ ಒಂದು ಭಾಗ ನಡೆದಿದ್ದೇ.

1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂದು ಬೆಟ್ಟ ಹತ್ತಿ ನೋಡಿದನಂತೆ. ಊರು ಬೆಟ್ಟಸಾಲುಗಳ ನಡುವೆ ಇರುವುದರಿಂದ ಪೂರ್ತಿ ಕಾಣಲಿಲ್ಲ ಅಂತ ಬರೆದಿದ್ದಾನೆ. ಓದಿದಾಗ ಇದು ಬರೀ ಒಂದು ಸಾಲಾಗಿತ್ತು. ಈಗ ಮೊಣಕಾಲಿಗೂ ಗೊತ್ತು. ಇಲ್ಲಿ ಒಂದು ಏರು ಮುಗಿದ ಮೇಲೆಯೇ ಇನ್ನೊಂದು ಕೇರಿ ಕಾಣಿಸುವುದು.

ಕೋಣೆಗೆ ಬರುವಷ್ಟರಲ್ಲಿ ನಾದಿನಿ ಎದ್ದಿದ್ದಳು. ಇಬ್ಬರೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಲು ಹೋದೆವು. "ಅತ್ತಿಗೆ, ನಿನ್ನೆ ನಾವು ನೋಡಿದ ಕಮಲ ಮಹಲಿಗೂ ಆ ರಥಕ್ಕೂ ಎಷ್ಟು ದೂರ?" ಅಂತ ಕೇಳಿದಳು. ಲೋಟದ ನೀರಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಮೊದಲು ನದಿ ಎಳೆದೆ. ಕೆಳಗೆ ಕಾಲುವೆ. ಅದಕ್ಕೂ ಕೆಳಗೆ ಅರಮನೆ. ಮಿರ್ಚಿ ತಟ್ಟೆ ಪಕ್ಕಕ್ಕೆ ಸರಿಸಿ, "ಇಲ್ಲಿ ಬಾಳೆತೋಟ" ಅಂದೆ. "ನಾಳೆ ನಾನೂ ಬರ್ತೀನಿ, ಆದರೆ ನಡ್ಕೊಂಡು" ಅಂದಳು. ಆರು ಗಂಟೆಗೆ ಅಲಾರಾಂ ಇಟ್ಟುಕೊಂಡೆವು.