ಸೇವ್ ಮಾಡಿದ್ದು ಎಲ್ಲಿ ಹೋಯ್ತು?

ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್‌ಗಳಲ್ಲಿ ಏಳನೇ ತರಗತಿಗೆ ಪಾಠವಿದ್ದ ದಿನ ಮಕ್ಕಳಿಗಿಂತ ಒಂದು ಗಂಟೆ ಮೊದಲೇ ಲ್ಯಾಬ್ ಸೇರಬೇಕು. ಮೊದಲು ನೋಡುವುದು ಪರದೆಯ ಮೂಲೆಯ ತಾರೀಖು. ಪ್ಲಗ್ ತೆಗೆದಿಟ್ಟ ಕಂಪ್ಯೂಟರ್ ವರ್ಷಗಳಷ್ಟು ಹಿಂದಿನ ತಾರೀಖು ತೋರಿಸಿದರೆ ಒಳಗಿನ ಮುಖ್ಯ ಫಲಕದ (ಮದರ್‌ಬೋರ್ಡ್) ಮೇಲಿದ್ದು ಗಡಿಯಾರವನ್ನು ನಡೆಸುವ 3 ವೋಲ್ಟಿನ ಸಿಆರ್2032 ಬಟನ್ ಬ್ಯಾಟರಿ ಬಹುತೇಕ ಮುಗಿದಿರುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ವೆಬ್‌ಸೈಟುಗಳ ಭದ್ರತಾ ಪತ್ರವನ್ನು (ಸರ್ಟಿಫಿಕೇಟ್) ಒಪ್ಪುವುದಿಲ್ಲ, ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಡೆದು ನಿಲ್ಲಿಸುತ್ತದೆ. ಬೈಗುಳ ಮಾತ್ರ ಇಂಟರ್‌ನೆಟ್ಟಿಗೆ! ಹೊಸ ಬ್ಯಾಟರಿ ಬರುವ ತನಕ ತಾರೀಖನ್ನು ಕೈಯಾರೆ ಸರಿಮಾಡಿಕೊಂಡರೆ ಆಯಿತು.

ಇದೇ ಹೊತ್ತಿನಲ್ಲಿ ಮೌಸ್ ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ವೇಗವನ್ನು ಕಡಿಮೆ ಮಾಡಿಡುವುದು ಒಳ್ಳೆಯದು. ಮೌಸ್ ಹೊಸದಾದ ಮಗುವಿಗೆ ಎರಡನೇ ಕ್ಲಿಕ್ಕಿನ ಹೊತ್ತಿಗೆ ಕೈ ಜರುಗಿರುತ್ತದೆ, ಐಕಾನ್ ತೆರೆಯುವ ಬದಲು ಬೇರೆಲ್ಲೋ ಹೋಗಿ ಕೂರುತ್ತದೆ. ತೀರಾ ನಿಧಾನವಾಗಿ ಒತ್ತಿದರೆ ಹೆಸರು ಬದಲಿಸುವ ಪೆಟ್ಟಿಗೆ ತೆರೆದುಕೊಂಡು, ಗಾಬರಿಯಲ್ಲಿ ಒತ್ತಿದ ಅಕ್ಷರಗಳೆಲ್ಲ ಫೈಲಿನ ಹೆಸರಾಗಿಬಿಡುತ್ತವೆ. ಒಂದೇ ಸಲ ಕ್ಲಿಕ್ ಮಾಡಿ ಎಂಟರ್ ಒತ್ತುವುದನ್ನು ಕಲಿಸಿದರೆ ಈ ರಗಳೆಯೇ ಇಲ್ಲ.

ಆದರೆ ಮೌಸ್ ಒಂದೆರಡು ತರಗತಿಯ ಮಾತು. ನಿಜವಾಗಿ ತೊಡಕಾಗುವುದು ‘ಸೇವ್’. ಫೋನ್ ಮಾತ್ರ ಹಿಡಿದು ಬೆಳೆದ ಮಗುವಿಗೆ ಫೋಟೊ ಗ್ಯಾಲರಿಯಲ್ಲಿ ತಾನಾಗಿಯೇ ಸಿಗುತ್ತದೆ. ಅದು ಯಾವುದೋ ಫೋಲ್ಡರಿನೊಳಗೆ ಕೂತಿದೆ ಅನ್ನುವುದನ್ನು ಫೋನ್ ಯಾವತ್ತೂ ತೋರಿಸಿಲ್ಲ. ಹಾಗಾಗಿ ಸೇವ್ ಒತ್ತಿದ ಮಗು ಫೈಲ್ ಆ ಪ್ರೋಗ್ರಾಮಿನ ಒಳಗೇ ಇದೆ ಅಂದುಕೊಳ್ಳುತ್ತದೆ. ಮುಂದಿನ ವಾರ ಬೇರೆ ಕಂಪ್ಯೂಟರಿನ ಮುಂದೆ ಕೂತು ಅದೇ ಪ್ರೋಗ್ರಾಮ್ ತೆರೆದು, ‘ಸರ್, ನನ್ನ ಚಿತ್ರ ಅಳಿಸಿಹೋಗಿದೆ’ ಅನ್ನುತ್ತದೆ.

ಇದಕ್ಕೆ ಮದ್ದು, ಹೆಚ್ಚೇನೂ ಟೈಪ್ ಮಾಡಿಸದೆ ಸೇವ್ ಒಂದನ್ನೇ ಅಭ್ಯಾಸ ಮಾಡಿಸುವುದು. ಮಗು ಬರೆಯುವುದು ತನ್ನ ಹೆಸರನ್ನಷ್ಟೇ. ಸೇವ್ ಮಾಡುವ ಪೆಟ್ಟಿಗೆ ಬಂದಾಗ ಅದರಲ್ಲಿರುವ ಫೋಲ್ಡರಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಬಹಳ ಮಕ್ಕಳು ಕಣ್ಣು ಹಾಯಿಸದೆ ಎಂಟರ್ ಒತ್ತುವುದು ಇಲ್ಲೇ. ಆಮೇಲೆ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿ, ಫೋಲ್ಡರಿನ ದಾರಿಯಲ್ಲಿ ಹೋಗಿ ಫೈಲನ್ನು ತೆಗೆಯಬೇಕು. ‘ಇತ್ತೀಚಿನ ಫೈಲುಗಳು’ ಪಟ್ಟಿಯಿಂದ ತೆಗೆದರೆ ಲೆಕ್ಕಕ್ಕಿಲ್ಲ. ಇದು ಸಲೀಸಾದ ಮೇಲೆ ಅದೇ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಸಿ, ಅಲ್ಲಿ ಒಂದು ಸಾಲು ಸೇರಿಸಿ, ಮೂಲ ಫೈಲನ್ನು ತೆರೆಸಿ. ಆ ಸಾಲು ಅಲ್ಲಿಲ್ಲ! ಎರಡೂ ಬೇರೆ ಬೇರೆ ಫೈಲುಗಳು ಎಂಬುದು ಆ ಕ್ಷಣಕ್ಕೆ ಹೊಳೆಯುವಷ್ಟು ಚೆನ್ನಾಗಿ ಯಾವ ವಿವರಣೆಯಿಂದಲೂ ಹೊಳೆಯುವುದಿಲ್ಲ.

ಹೆಸರಿಡುವುದಕ್ಕೂ ಒಂದು ಕಟ್ಟುಪಾಡು ಬೇಕು. ಎಲ್ಲರೂ ‘ಮನೆ’ ಎಂದೇ ಹೆಸರಿಟ್ಟರೆ, ‘ಈ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಿಸಲೇ?’ ಎಂಬ ಪ್ರಶ್ನೆಗೆ ಎರಡನೆಯವರು ‘ಹೌದು’ ಅಂದ ಕೂಡಲೇ ಮೊದಲನೆಯವರ ಮನೆ ಮಾಯ. ತರಗತಿ, ಹಾಜರಿ ಸಂಖ್ಯೆ, ಆಮೇಲೆ ವಿಷಯ: ‘7-14-ಮನೆ’. ಲ್ಯಾಬಿನಲ್ಲಿ ರೀಸ್ಟಾರ್ಟ್ ಆದೊಡನೆ ಎಲ್ಲವನ್ನೂ ಹಳೆಯ ಸ್ಥಿತಿಗೆ ತರುವ ತಂತ್ರಾಂಶ ಹಾಕಿದ್ದರೆ ಡೆಸ್ಕ್‌ಟಾಪಿನಲ್ಲಿಟ್ಟದ್ದು ಉಳಿಯದೇ ಹೋಗಬಹುದು. ಅದರ ವ್ಯಾಪ್ತಿಯಿಂದ ಹೊರಗಿಟ್ಟ ಡ್ರೈವಿನಲ್ಲೇ ಮಕ್ಕಳ ಫೋಲ್ಡರ್ ಇರಲಿ. ಕರೆಂಟ್ ನಂಬುವಂತಿಲ್ಲದಿದ್ದರೆ ಕಂಟ್ರೋಲ್+ಎಸ್ ಒತ್ತುವುದು ಪ್ರತಿ ಸಾಲಿಗೂ ರೂಢಿಯಾಗಬೇಕು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ತಂತ್ರಾಂಶವನ್ನು ಕಂಪ್ಯೂಟರಿನಲ್ಲೇ ಇನ್‌ಸ್ಟಾಲ್ ಮಾಡಿದ್ದರೆ ಅದು ತಾನಾಗಿ ಸೇವ್ ಮಾಡುವುದಿಲ್ಲ ಅನ್ನುವುದು ನೆನಪಿರಲಿ.

ಒಂದು ಕಂಪ್ಯೂಟರಿಗೆ ಇಬ್ಬರಿದ್ದರೆ ಸ್ವಲ್ಪ ಗೊತ್ತಿರುವ ಮಗು ಮೌಸ್ ಬಿಡುವುದೇ ಇಲ್ಲ. ಮೌಸ್ ಹಿಡಿದವರು ತಾವಾಗಿ ಏನೂ ಮಾಡಕೂಡದು, ಪಕ್ಕದವರು ಬಾಯಲ್ಲಿ ಹೇಳಿದ್ದನ್ನಷ್ಟೇ ಮಾಡಬೇಕು. ಹತ್ತು ನಿಮಿಷಕ್ಕೊಮ್ಮೆ ಅದಲುಬದಲು. ಈ ನಿಯಮ ಕಲಿಸುವವರಿಗೂ ಸಲ್ಲುತ್ತದೆ. ಮಗುವಿನ ಕೈಯಿಂದ ಮೌಸ್ ಕಿತ್ತುಕೊಂಡು ‘ಹೀಗೆ ನೋಡು’ ಅಂದರೆ ಪಾಠ ಬೇಗ ಮುಗಿಯುತ್ತದೆ, ಅಷ್ಟೆ.

ಮುಂದಿನ ತರಗತಿಯ ಮೊದಲ ಐದು ನಿಮಿಷ ಹಿಂದಿನ ಫೈಲ್ ತೆರೆಯುವುದಕ್ಕೇ ಮೀಸಲು. ಸಹಾಯವಿಲ್ಲದೆ ತೆರೆದವರು ಟೈಪಿಂಗಿಗೆ ಹೋಗಲಿ, ಉಳಿದವರು ಇನ್ನೊಮ್ಮೆ ಸೇವ್ ಮಾಡಲಿ.