ಬಂದದ್ದು ಯಾರು?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತ 61 ದಿನ ನಿಷೇಧ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಬೋಟಿನ ಹುಡುಗರಿಗೆ ಬಲೆ ರಿಪೇರಿ ಬಿಟ್ಟರೆ ಜಾಸ್ತಿ ಕೆಲಸ ಇರುವುದಿಲ್ಲ. ಅಂಥದೊಂದು ಜುಲೈ ಮಧ್ಯಾಹ್ನ ಪಕ್ಕದ ಮನೆಯ ಹುಡುಗ ಒಂದು ಹಾಳೆ ಹಿಡಿದುಕೊಂಡು ಕೋಡಿಬಾಗದ ನಮ್ಮ ಮನೆಗೆ ಬಂದ. ಗೋವಾದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಬೋಟಿನ ಕೆಲಸಕ್ಕೆ ಅರ್ಜಿ. ಇಂಗ್ಲಿಷಿನಲ್ಲೇ ಬರೆಯಬೇಕಂತೆ.

"ಅಕ್ಕಾ, ಸ್ಪೆಲ್ಲಿಂಗ್ ಒಂದು ನೋಡಿ ಕೊಡ್ತೀರಾ?" ಅಂದ.

ಸ್ಪೆಲ್ಲಿಂಗ್ ಚೆನ್ನಾಗಿಯೇ ಇತ್ತು. ಬರೆದದ್ದು ಹೀಗಿತ್ತು: "ಕಮಿಂಗ್ ಫ್ರಮ್ ಕಾರವಾರ. ವರ್ಕಿಂಗ್ ಇನ್ ಟ್ರಾಲ್ ಬೋಟ್. ಟು ಮೀ ಸ್ವಿಮ್ಮಿಂಗ್ ಕಮ್ಸ್ ವೆಲ್. ಬಿಕಾಸ್ ಫಾದರ್ ಹೆಲ್ತ್ ನಾಟ್ ಗುಡ್."

ಇದನ್ನು ಓದಿ ನಗುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅಂಥವರ ಮೇಲೆ ಸಿಟ್ಟು ಬರುತ್ತದೆ. ಯಾಕೆಂದರೆ ಆ ಹುಡುಗ ಗೊತ್ತಿಲ್ಲದೆ ಏನೇನೋ ಗೀಚಿರಲಿಲ್ಲ. ಅವನ ತಲೆಯಲ್ಲಿದ್ದ ಕನ್ನಡ ಸರಿಯಾಗಿತ್ತು. ಅದನ್ನೇ ಒಂದೊಂದಾಗಿ ಆಚೆ ದಾಟಿಸಿದ್ದ. ದಾಟುವಾಗ ಏನು ಬಿಟ್ಟುಹೋಯಿತು ಅಂತ ಅವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ. ಶಾಲೆಯಲ್ಲಿ ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಅಂತ ಬೋರ್ಡಿನ ಮೇಲೆ ಬರೆಸಿ, ಬಾಯಿಪಾಠ ಮಾಡಿಸಿ ಬಿಟ್ಟಿದ್ದರು.

ಹಾಗಾಗಿ ನಾನು ಕನ್ನಡದಿಂದಲೇ ಶುರು ಮಾಡಿದೆ. "ಬಂದೆ ಅಂದರೆ ಬಂದದ್ದು ಯಾರು?" ಅಂತ ಕೇಳಿದೆ.

"ನಾನು."

"ಬಂದಳು ಅಂದರೆ?"

"ಅವಳು."

"ಬಂದೆವು?"

"ನಾವು. ಇದೇನಕ್ಕಾ, ಒಂದನೇ ಕ್ಲಾಸಾ?"

"ಸರಿ, ಕೇಮ್ ಅಂದರೆ ಯಾರು ಬಂದದ್ದು?"

ಅವನು ಸುಮ್ಮನಾದ. ಐ ಕೇಮ್, ಶೀ ಕೇಮ್, ವೀ ಕೇಮ್, ದೇ ಕೇಮ್. ಯಾರು ಬಂದರೂ ಕೇಮ್ ಬದಲಾಗುವುದಿಲ್ಲ. ನಮ್ಮ ಕ್ರಿಯಾಪದದ ಬಾಲದಲ್ಲೇ ಕರ್ತೃ ಕೂತಿರುತ್ತದೆ. ಅದಕ್ಕೇ "ಬಂದೆ" ಅನ್ನುವ ಒಂದೇ ಪದ ಪೂರ್ತಿ ವಾಕ್ಯ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಹೆಚ್ಚುಕಡಿಮೆ ಉದುರಿಹೋಗಿದೆ. ಹಿ ಕಮ್ಸ್ ಅನ್ನುವಾಗ ಬರುವ ಕೊನೆಯ ಸ್ ಒಂದು ಉಳಿದಿದೆ. ಆದ್ದರಿಂದ ಮಾಡಿದವರು ಯಾರು ಅಂತ ಮುಂದೆ ನಿಲ್ಲಿಸಿ ಹೇಳಲೇಬೇಕು. ಅಪ್ಪಣೆ ಕೊಡುವಾಗ ಮಾತ್ರ ವಿನಾಯಿತಿ. ನಮ್ಮ "ಬಾ" ಹೇಗೋ ಅವರ "ಕಮ್" ಹಾಗೆ. ಎದುರಿಗೆ ಇರುವವನಿಗೇ ಹೇಳಿದ್ದು ಅಂತ ಗೊತ್ತಿರುತ್ತದೆ.

ಆಮೇಲೆ ಸೇತುವೆಯ ವಿಷಯ ತೆಗೆದೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದದ್ದು ಕೋಡಿಬಾಗದವರಿಗೆ ಮರೆಯುವ ಮಾತಲ್ಲ. ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿಕೊಂಡ. "ದ ಬ್ರಿಡ್ಜ್ ಕೊಲ್ಯಾಪ್ಸ್ಡ್" ಅಂತ ಬರೆದು ತೋರಿಸಿದೆ. ಮೂರೇ ಪದ. ಯಾವುದು? ಸೇತುವೆ. ಏನಾಯಿತು? ಕುಸಿಯಿತು. ವಾಕ್ಯ ಮುಗಿಯಿತು. ಅದರ ಕೆಳಗೆ "ದ ಓಲ್ಡ್ ಬ್ರಿಡ್ಜ್ ಓವರ್ ದ ಕಾಳಿ ರಿವರ್ ನಿಯರ್ ಸದಾಶಿವಗಡ" ಅಂತ ಬರೆದೆ. ಮೊದಲಿನದರ ಮೂರು ಪಟ್ಟು ಉದ್ದ. ಆದರೂ ವಾಕ್ಯ ಅಲ್ಲ. ಸೇತುವೆಗೆ ಏನಾಯಿತು ಅಂತ ಹೇಳಿಯೇ ಇಲ್ಲ, ಅಲ್ವಾ? ಉದ್ದ ಬರೆದರೆ ಪೂರ್ತಿ ಆಗುತ್ತದೆ ಅಂತ ಅವನು ಅಂದುಕೊಂಡಿದ್ದ. ಅದು ಅಲ್ಲಿಗೆ ಹೋಯಿತು.

ಹೊರಗೆ ಮಳೆ ಜೋರಾಯಿತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಅವನೇ ಕೇಳಿದ: "ಹಾಗಾದರೆ ಇಟ್ ಈಸ್ ರೇನಿಂಗ್ ಅನ್ನೋದರಲ್ಲಿ ಇಟ್ ಯಾರಕ್ಕಾ?"

ಎಷ್ಟು ಒಳ್ಳೆಯ ಪ್ರಶ್ನೆ! ಅಲ್ಲಿ ಇಟ್ ಯಾರೂ ಅಲ್ಲ. ಮೋಡವೂ ಅಲ್ಲ, ಆಕಾಶವೂ ಅಲ್ಲ. ನಮ್ಮಲ್ಲಿ "ಮಳೆ ಬರ್ತಿದೆ" ಅಂದಾಗ ಮಳೆಯೇ ಕರ್ತೃ. ಇಂಗ್ಲಿಷಿನಲ್ಲಿ ಮಳೆಯನ್ನು ಕ್ರಿಯಾಪದದೊಳಗೆ ಸೇರಿಸಿಬಿಟ್ಟರು. ಕರ್ತೃವಿನ ಜಾಗ ಖಾಲಿ ಉಳಿಯಿತು. ಆ ಭಾಷೆಗೆ ಖಾಲಿ ಜಾಗ ನಡೆಯುವುದಿಲ್ಲ. ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ಹಾಗೆ ಅಲ್ಲಿ ಇಟ್ ಹಾಕಿದರು. ಅವನಿಗೆ ಇದು ಎಷ್ಟು ಹಿಡಿಸಿತೆಂದರೆ ಇಟ್ ಈಸ್ ಲೇಟ್, ಇಟ್ ಈಸ್ ಸಂಡೇ ಅಂತ ತಾನೇ ಹುಡುಕಿ ಹೇಳತೊಡಗಿದ.

"ಫಾದರ್ ಹೆಲ್ತ್ ನಾಟ್ ಗುಡ್" ಎನ್ನುವಲ್ಲಿ ಬಿಟ್ಟುಹೋದದ್ದು ಈಸ್. ಅಪ್ಪನ ಆರೋಗ್ಯ ಅನ್ನುವುದಕ್ಕೆ ಫಾದರ್ಸ್ ಆಗಬೇಕು, ಅದು ಬೇರೆ. "ನಾನು ಮೀನುಗಾರ" ಅನ್ನುವಾಗ ನಮಗೆ ಕ್ರಿಯಾಪದವೇ ಬೇಡ. ಎರಡು ಪದ ಅಕ್ಕಪಕ್ಕ ಇಟ್ಟರೆ ಸಾಕು. ಇಂಗ್ಲಿಷಿನಲ್ಲಿ ಐ ಆಮ್ ಎ ಫಿಶರ್‌ಮನ್ ಅನ್ನಬೇಕು. ಆಮ್, ಈಸ್, ಆರ್ ಇಲ್ಲದೆ ಅದು ನಿಲ್ಲುವುದಿಲ್ಲ.

"ವರ್ಕಿಂಗ್ ಇದೆಯಲ್ಲ, ಅದು ವರ್ಬ್ ಅಲ್ವಾ?" ಅಂದ. "ಬೋಟಿನಲ್ಲಿ ಕೆಲಸ ಮಾಡುತ್ತಾ ಅಂತ ಹೇಳಿ ನಿಲ್ಲಿಸು ನೋಡುವಾ" ಅಂದೆ. ಅವನೇ "ಮಾಡುತ್ತಾ... ಏನು?" ಅಂದ. ವರ್ಕಿಂಗ್ ಒಂದೇ ಇದ್ದರೂ ಹಾಗೆಯೇ ತೂಗಾಡುತ್ತದೆ. ಆಮ್ ಸೇರಿದರೆ ನೆಲಕ್ಕೆ ಕಾಲು ಊರುತ್ತದೆ. ಬಿಕಾಸ್ ವಿಷಯವೂ ಅಷ್ಟೇ. "ಅಪ್ಪನಿಗೆ ಹುಷಾರಿಲ್ಲದ್ದರಿಂದ" ಅಂತ ಹೇಳಿ ಯಾರಾದರೂ ಎದ್ದು ಹೋಗುತ್ತಾರಾ? ಏನು ಪೂರ್ತಿ, ಏನು ಅರ್ಧ ಅನ್ನುವುದು ಅವನ ಕಿವಿಗೆ ಮೊದಲೇ ಗೊತ್ತಿತ್ತು. ಆ ಕಿವಿಯನ್ನು ಇಂಗ್ಲಿಷಿಗೂ ಬಳಸಬಹುದು ಅಂತ ಶಾಲೆಯಲ್ಲಿ ಯಾಕೆ ಹೇಳುವುದಿಲ್ಲವೋ!

ಆಬ್ಜೆಕ್ಟಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಬಲೆ ತಂದ್ಯಾ?" "ತಂದೆ." ನಮ್ಮಲ್ಲಿ ಇಷ್ಟೇ ಸಾಕು. ಅವರಲ್ಲಿ ಐ ಬ್ರಾಟ್ ಇಟ್ ಅನ್ನಬೇಕು, ಇಲ್ಲದಿದ್ದರೆ ಏನನ್ನು ತಂದೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಎಲ್ಲ ಕ್ರಿಯಾಪದಕ್ಕೂ ಇದು ಬೇಡ. ಐ ಸ್ವಿಮ್ ಅಷ್ಟಕ್ಕೇ ಮುಗಿಯುತ್ತದೆ.

ಈಜಿನ ಸಾಲು ಮಾತ್ರ ನಮ್ಮಿಬ್ಬರನ್ನೂ ತುಂಬಾ ಹೊತ್ತು ಕೂರಿಸಿತು. "ನನಗೆ ಈಜು ಬರುತ್ತದೆ." ಇಲ್ಲಿ ಬರುವುದು ಯಾರು? ನಾನಲ್ಲ, ಈಜು. ಅದು ನನ್ನ ಹತ್ತಿರ ಬರುತ್ತದೆ. ಹಸಿವು ನನಗೆ ಆಗುತ್ತದೆ, ಚಳಿ ನನಗೆ ಆಗುತ್ತದೆ, ನೆನಪೂ ನನಗೆ ಬರುತ್ತದೆ. ನಮ್ಮ ಭಾಷೆಯಲ್ಲಿ ಮನುಷ್ಯ ಇಂಥ ಕಡೆ "ಗೆ" ಹಚ್ಚಿಕೊಂಡು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಇಂಗ್ಲಿಷ್ ಅವನನ್ನು ಎಳೆದು ಮುಂದೆ ನಿಲ್ಲಿಸುತ್ತದೆ: ಐ ಆಮ್ ಹಂಗ್ರಿ, ಐ ಆಮ್ ಕೋಲ್ಡ್, ಐ ರಿಮೆಂಬರ್. ಹಾಗಾಗಿ ಇದು ಐ ಕ್ಯಾನ್ ಸ್ವಿಮ್ ವೆಲ್ ಆಗಬೇಕು. ಅವನ ಮನೆಮಾತು ಕೊಂಕಣಿ. ಅಲ್ಲೂ "ಮಾಕಾ" (ನನಗೆ) ಅಂತಲೇ ಶುರುವಾಗುತ್ತದೆ ಅಂದ. ಎರಡೂ ಕಡೆಯಿಂದ ಒಂದೇ ಅಭ್ಯಾಸ ಇರುವಾಗ ಅವನು ಟು ಮೀ ಅಂತ ಬರೆದದ್ದರಲ್ಲಿ ಆಶ್ಚರ್ಯ ಏನಿದೆ? ನನ್ನನ್ನು ಕೇಳಿದರೆ ನಮ್ಮ ಕಡೆಯ ಇಂಗ್ಲಿಷ್ ಪಾಠ ಈ "ನನಗೆ"ಯಿಂದಲೇ ಶುರುವಾಗಬೇಕು.

ನಾಲ್ಕೂವರೆ ಹೊತ್ತಿಗೆ ಅವನು ಹೊಸ ಹಾಳೆ ತೆಗೆದುಕೊಂಡ. ನಾನು ಬಾಯಿ ಹಾಕಲಿಲ್ಲ. "ಐ ಆಮ್ ಫ್ರಮ್ ಕಾರವಾರ. ಐ ವರ್ಕ್ ಆನ್ ಎ ಟ್ರಾಲ್ ಬೋಟ್. ಐ ಕ್ಯಾನ್ ಸ್ವಿಮ್ ವೆಲ್." ಬಿಕಾಸ್ ಬಂದಾಗ ಪೆನ್ನು ನಿಲ್ಲಿಸಿದ. ಸ್ವಲ್ಪ ಯೋಚಿಸಿ ಬರೆದ: "ಐ ನೀಡ್ ದಿಸ್ ಜಾಬ್ ಬಿಕಾಸ್ ಮೈ ಫಾದರ್ ಕೆನಾಟ್ ಗೋ ಟು ಸೀ ನೌ." ಎರಡು ಕರ್ತೃ, ಎರಡು ಕ್ರಿಯಾಪದ, ನಡುವೆ ಬಿಕಾಸ್. ಎಲ್ಲ ಸರಿಯಾಗಿತ್ತು. ನನಗೆ ಗಂಟಲು ಕಟ್ಟಿತು.

"ಇದನ್ನೇ ಮೊದಲು ಹಾಕು" ಅಂದೆ.

"ಬೇಡ ಅಕ್ಕಾ, ಈಜು ಮೊದಲು ಇರಲಿ. ಅವರಿಗೆ ಬೇಕಾಗಿರೋದು ಅದು" ಅಂದು ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡ.